ಮೀಟರ್ ಯಾರ ಕಡೆ ಮುಖ ಮಾಡಿರಬೇಕು?

ಮೆಕ್ಕೆಜೋಳದ ತೇವ ಅಳೆಯುವ ಒಂದು ಸಣ್ಣ ಮೀಟರ್. ಜೇಬಿಗೆ ಹಿಡಿಸುವಷ್ಟು ಚಿಕ್ಕದು, ರೈತರು ಕೊಳ್ಳುವಷ್ಟು ಅಗ್ಗ, ಜೊತೆಗೆ ಫೋನಿನಲ್ಲಿ ಒಂದು ಆ್ಯಪ್. ನಾನು ಕೆಲಸ ಮಾಡುವ ಬೆಂಗಳೂರಿನ ಪುಟ್ಟ ಕಂಪನಿ ಇದನ್ನು ಕೈಗೆತ್ತಿಕೊಂಡಿತ್ತು. ನನ್ನ ಹತ್ತಿರ ವಿಷಯ ಬರುವ ಹೊತ್ತಿಗೆ ಒಳಗಿನ ಸರ್ಕ್ಯೂಟ್ ತಯಾರಾಗಿತ್ತು. ಇನ್ನು ಡಬ್ಬಿ ಹೇಗಿರಬೇಕು, ಬಟನ್ ಎಲ್ಲಿರಬೇಕು, ಪರದೆಯಲ್ಲಿ ಏನು ಕಾಣಬೇಕು ಅಂತ ನೋಡಿದರೆ ಮುಗೀತು ಅಂತ ಎಲ್ಲರ ಲೆಕ್ಕ. "ನಿಮ್ಮೂರು ದಾವಣಗೆರೆ ಅಲ್ವಾ? ಸುಗ್ಗಿ ಟೈಮಲ್ಲಿ ಹೋಗಿ ಒಂದಷ್ಟು ಜನರನ್ನ ಮಾತಾಡಿಸ್ಕೊಂಡು ಬನ್ನಿ" ಅಂದರು. ವಸ್ತು ಬಳಸುವವರನ್ನು ನೋಡಿ, ಮಾತಾಡಿಸಿ ತಿಳಿಯೋದು ನನ್ನ ಕೆಲಸ, ಅದಕ್ಕೆ ಯೂಸರ್ ರಿಸರ್ಚ್ ಅಂತಾರೆ. ಬಹಳ ಕಡೆ ಅದು ಇಷ್ಟೇ. ಏನು ಮಾಡಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ, ಬಣ್ಣ ಯಾವುದಿರಲಿ ಅಂತ ಕೇಳಿಕೊಂಡು ಬರೋಕೆ ಒಬ್ಬರನ್ನು ಕಳಿಸುತ್ತಾರೆ.

ಈ ತೇವದ ಗಲಾಟೆ ಏನು ಅಂತ ಮೊದಲು ಹೇಳಿಬಿಡ್ತೀನಿ. ನಮ್ಮ ಕಡೆ ಮಳೆಗಾಲದ ಮುಖ್ಯ ಬೆಳೆಗಳಲ್ಲಿ ಮೆಕ್ಕೆಜೋಳ ಒಂದು. ಜೂನ್, ಜುಲೈನಲ್ಲಿ ಬಿತ್ತಿದ್ದು ಅಕ್ಟೋಬರ್, ನವೆಂಬರ್ ಹೊತ್ತಿಗೆ ಕೈಗೆ ಬರುತ್ತೆ. ಆಗಲೂ ಮಳೆ ಪೂರ್ತಿ ಹೋಗಿರಲ್ಲ. ತೆನೆ ಒಕ್ಕಿದಾಗ ಕಾಳಲ್ಲಿ ಬೇಕಾದಷ್ಟು ನೀರಿರುತ್ತೆ. ಸರ್ಕಾರಿ ಖರೀದಿಯ ಗುಣಮಟ್ಟದಲ್ಲಿ ತೇವ 14% ಮೀರಬಾರದು ಅಂತಿದೆ. ಅದಕ್ಕಿಂತ ಜಾಸ್ತಿ ಇದ್ದರೆ ಗೋದಾಮಿನಲ್ಲಿ ಕಾಳು ಬಿಸಿಯಾಗಿ ಬೂಸ್ಟು ಹಿಡಿಯುತ್ತೆ. ಈಗ ಲೆಕ್ಕ ನೋಡಿ. 18% ತೇವದ ಒಂದು ಕ್ವಿಂಟಲ್ ಕಾಳನ್ನು 14%ಗೆ ಒಣಗಿಸಿದರೆ ಉಳಿಯೋದು ಸುಮಾರು 95.35 ಕೆ.ಜಿ. ನಾಲ್ಕು ಪಾಯಿಂಟ್ ಅಂದರೆ ನಾಲ್ಕು ಕೆ.ಜಿ. ಅಂತ ಬಹಳ ಜನ ಅಂದುಕೊಳ್ಳುತ್ತಾರೆ, ಆದರೆ ಹೋಗೋದು 4.65 ಕೆ.ಜಿ. 2024-25ರ ಬೆಂಬಲ ಬೆಲೆ ಕ್ವಿಂಟಲಿಗೆ 2,225 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಕ್ವಿಂಟಲಿಗೆ ನೂರು ರೂಪಾಯಿ ಮೇಲಾಯಿತು. 40 ಕ್ವಿಂಟಲ್ ತಂದವರಿಗೆ ನಾಲ್ಕು ಸಾವಿರದ ಮಾತು. ಈ ದುಡ್ಡು ರೈತರ ಕೈಯಿಂದ ಹೋಗಬೇಕಾ, ಕೊಳ್ಳುವವರ ಕೈಯಿಂದ ಹೋಗಬೇಕಾ ಅನ್ನೋದೇ ಜಗಳ.

ಮೀಟರ್ ಕೆಲಸ ಮಾಡುವ ರೀತಿ ಕಷ್ಟದ್ದೇನಲ್ಲ. ಎರಡು ಲೋಹದ ತಟ್ಟೆಗಳ ನಡುವೆ ಕಾಳು ತುಂಬಿ ಅದು ವಿದ್ಯುತ್ ಚಾರ್ಜನ್ನು ಎಷ್ಟು ಹಿಡಿದಿಡುತ್ತೆ ಅಂತ ಅಳೆಯುತ್ತಾರೆ. ಈ ಗುಣ ನೀರಿಗೆ 80ರ ಆಸುಪಾಸು ಇದ್ದರೆ ಒಣ ಕಾಳಿಗೆ ಕೆಲವೇ ಅಂಕಿ. ಹಾಗಾಗಿ ಸ್ವಲ್ಪ ನೀರಿದ್ದರೂ ಗೊತ್ತಾಗುತ್ತೆ. ಆದರೆ ಕಾಳನ್ನು ಒತ್ತಿ ತುಂಬಿದರೆ ಒಂದು ನಂಬರ್, ಸಡಿಲ ಬಿಟ್ಟರೆ ಇನ್ನೊಂದು. ಬಿಸಿ ಕಾಳಿಗೆ ಒಂದು, ತಣ್ಣಗಿನ ಕಾಳಿಗೆ ಇನ್ನೊಂದು. ಸರಿಯಾದ ಉತ್ತರ ಬೇಕಂದರೆ ಲ್ಯಾಬಿನಲ್ಲಿ ಇಡೀ ಕಾಳನ್ನು 103 ಡಿಗ್ರಿಯಲ್ಲಿ 72 ಗಂಟೆ ಒಣಗಿಸಿ ತೂಕ ನೋಡಬೇಕು. ಮೂರು ದಿನ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯೋರು ಯಾರು?

ಆಫೀಸಿನವರು ಪ್ರಶ್ನೆಗಳ ಒಂದು ಪಟ್ಟಿ ಕೊಟ್ಟು ಕಳಿಸಿದ್ದರು. ಇಂಥ ಮೀಟರ್ ಬಂದರೆ ಕೊಳ್ಳುತ್ತೀರಾ, ಎಷ್ಟು ಕೊಡ್ತೀರಾ, ಆ್ಯಪ್ ಕನ್ನಡದಲ್ಲಿ ಬೇಕಾ, ಇಂಥವು. ಆನಗೋಡು, ಭರಮಸಾಗರದ ಕಡೆ ಕೇಳುತ್ತಾ ಹೋದೆ. ಎಲ್ಲರದ್ದೂ ಒಂದೇ ಉತ್ತರ. "ಹೂನವ್ವ, ಚೆನ್ನಾಗಿರ್ತೈತಿ, ಮಾಡ್ರಿ." ಆ ಪಟ್ಟಿ ತುಂಬಿಸಿ ಆಫೀಸಿಗೆ ಕೊಟ್ಟಿದ್ದರೆ ನೂರಕ್ಕೆ ನೂರು ಜನ ಕೊಳ್ಳುತ್ತಾರೆ ಅಂತ ಚಾರ್ಟ್ ಬಂದಿರೋದು. ಮನೆ ಬಾಗಿಲಿಗೆ ಬಂದು, ಚಾಪೆ ಮೇಲೆ ಕೂತು, ಚಾ ಕುಡಿಯುತ್ತಾ ಇರುವ ಹುಡುಗಿಗೆ "ನಿನ್ನ ಮೀಟರ್ ನನಗೆ ಬೇಡ" ಅಂತ ನಮ್ಮ ಕಡೆ ಯಾರು ಹೇಳುತ್ತಾರೆ ಹೇಳಿ.

ಇದು ನನ್ನ ಊಹೆ ಮಾತ್ರ ಅಲ್ಲ. ಬೆಂಗಳೂರಿನಲ್ಲೇ 450 ಜನರನ್ನು ಮಾತಾಡಿಸಿ ಇದನ್ನೇ ಅಳೆದಿದ್ದಾರೆ. ನಿಕೋಲಾ ಡೆಲ್, ಇಂದ್ರಾಣಿ ಮೇಧಿ ಮತ್ತು ಸಂಗಡಿಗರ ಈ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಜನರಿಗೆ ತೋರಿಸಿದ ಎರಡೂ ವಸ್ತು ಒಂದೇ ಥರದವು. ಒಂದನ್ನು ಮಾತ್ರ "ಇದು ನಾನು ಮಾಡಿದ್ದು" ಅಂತ ಕೇಳುವವರು ಹೇಳಿಬಿಟ್ಟರೆ ಅದನ್ನೇ ಚೆನ್ನಾಗಿದೆ ಅನ್ನುವ ಸಾಧ್ಯತೆ ಎರಡೂವರೆ ಪಟ್ಟಾಯಿತು. ಕೇಳುವವರು ವಿದೇಶದವರಾಗಿದ್ದು ಪಕ್ಕದಲ್ಲಿ ಭಾಷೆ ತಿಳಿಸಿ ಹೇಳೋರು ಇದ್ದರೆ ಐದು ಪಟ್ಟು. ಬೇಕಂತಲೇ ಕೆಡಿಸಿ ತೋರಿಸಿದರೂ ಜನ ಅವರದ್ದನ್ನೇ ಮೆಚ್ಚಿದರು! ನಮ್ಮೂರಿನ ಮಾತು ಬರುತ್ತೆ ಅಂತ ನನ್ನನ್ನು ಕಳಿಸಿದ್ದರಲ್ಲ, ಆ ಮಾತು ಬಂದ ಮಾತ್ರಕ್ಕೆ ಈ ಮರ್ಯಾದೆಯ ಉತ್ತರಗಳು ತಪ್ಪಲ್ಲ. ಬೆಂಗಳೂರಿಂದ ಬಂದವಳು, ಕೈಯಲ್ಲಿ ಬ್ಯಾಗು, ಜೊತೆಗೆ ಗುರುತಿನವರ ಶಿಫಾರಸು. ಅಷ್ಟು ಸಾಕು.

ಅಲ್ಲಿಂದ ಮುಂದೆ ಮೀಟರ್ ವಿಷಯವನ್ನೇ ಎತ್ತಲಿಲ್ಲ. ಹೋದ ಸಲ ಮಾಲು ಮಾರಿದ್ದು ಯಾವಾಗ, ಯಾರು ಜೊತೆಗೆ ಹೋಗಿದ್ದರು, ಟ್ರ್ಯಾಕ್ಟರ್ ಯಾರದ್ದು, ಎಷ್ಟು ಹೊತ್ತಿಗೆ ಹೊರಟಿರಿ, ದಲಾಲರು ಕೊಟ್ಟ ಲೆಕ್ಕದ ಚೀಟಿ ಇದೆಯಾ, ಇಷ್ಟೇ ಕೇಳಿದೆ. ಮುಂದೆ ಏನು ಮಾಡ್ತೀರಿ ಅಂತ ಕೇಳಿದರೆ ಜನ ಒಳ್ಳೆಯ ಮಾತು ಹೇಳ್ತಾರೆ, ಹಿಂದೆ ಏನಾಯಿತು ಅಂತ ಕೇಳಿದರೆ ನಡೆದಿದ್ದು ಹೇಳ್ತಾರೆ. ಚೀಟಿ ಅಂತೂ ಬಂಗಾರ. ದೇವರ ಫೋಟೋ ಹಿಂದಿಂದ, ಟ್ರಂಕಿನಿಂದ, ಒಬ್ಬರು ಮೊಬೈಲ್ ಕವರಿನ ಹಿಂದಿಂದ ತೆಗೆದು ತೋರಿಸಿದರು. ಚೀಟಿ ಕೈಗೆ ಬಂದ ತಕ್ಷಣ ಮಾತಿನ ಧಾಟಿಯೇ ಬದಲಾಗೋದು. "ಇಲ್ಲಿ ನೋಡವ್ವ, ಹದಿನೇಳು ಅಂತ ಬರ್ದಾರೆ. ನಮ್ದು ಅಷ್ಟು ಹಸಿ ಇರ್ಲಿಲ್ಲ." ಆ ಕ್ಷಣದವರೆಗೆ "ಏನೂ ತೊಂದ್ರೆ ಇಲ್ರೀ" ಅಂತಿದ್ದವರೇ ಅವರು. ವಾಯ್ಸ್ ರೆಕಾರ್ಡರ್ ಅನ್ನೂ ಬ್ಯಾಗಿಗೆ ಹಾಕಿಬಿಟ್ಟೆ. ಅದನ್ನು ಇಟ್ಟರೆ ಎಲ್ಲರೂ ಟಿವಿಗೆ ಮಾತಾಡಿದಂಗೆ ಮಾತಾಡುತ್ತಿದ್ದರು. ಸಂಜೆ ಮಂಡಕ್ಕಿ, ಮೆಣಸಿನಕಾಯಿ ತಿಂತಾ ಕೇಳಿದ್ದು, ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದು, ಅವೇ ಕೆಲಸಕ್ಕೆ ಬಂದವು.

ಒಣಗಿಸುವ ಜಾಗಕ್ಕೆ ಹೋದಾಗ ಮೊದಲು ಕಂಡಿದ್ದು ಹೆಂಗಸರು. ನಮ್ಮ ಆಫೀಸಿನ ಕಾಗದಗಳಲ್ಲಿ ಬಳಸುವವರು ಅಂದರೆ "ರೈತ, ಗಂಡಸು, 35ರಿಂದ 50, ಸ್ಮಾರ್ಟ್‌ಫೋನ್ ಇದೆ". ಹೈವೇ ಪಕ್ಕದ ಸರ್ವಿಸ್ ರೋಡಿನಲ್ಲಿ, ತಾಡಪಾಲಿನ ಮೇಲೆ ಕಾಳು ಹರಡಿ ಬೆಳಗಿಂದ ಸಂಜೆವರೆಗೆ ಕಾಲಾಡಿಸಿ ತಿರುವುತ್ತಿದ್ದವರು ಆ ಚೌಕಟ್ಟಿನಲ್ಲಿ ಎಲ್ಲೂ ಇರಲಿಲ್ಲ. ಮೋಡ ಕಂಡರೆ ರಾಶಿ ಮಾಡೋದು ಅವರೇ, ಬಿಸಿಲು ಬಂದರೆ ಮತ್ತೆ ಹರಡೋದು ಅವರೇ, ಲಾರಿ ಹಾರ್ನ್ ಹೊಡೆದರೆ ಬೈಯೋದೂ ಅವರೇ.

ಅಲ್ಲಿ ಸುಮ್ನೆ ಕೂತೆ. ಹ್ಯೂ ಬೇಯರ್, ಕರೆನ್ ಹೋಲ್ಟ್ಜ್‌ಬ್ಲಾಟ್ ಅಂತ ಇಬ್ಬರು ಇದ್ದಾರೆ. ಜನ ಕೆಲಸ ಮಾಡುವ ಜಾಗಕ್ಕೇ ಹೋಗಿ, ಗುರುವಿನ ಹತ್ತಿರ ಕೆಲಸ ಕಲಿಯೋಕೆ ಬಂದ ಶಿಷ್ಯನ ಹಾಗೆ ಕೂತು ನೋಡಬೇಕು, ಮಧ್ಯೆ ಮಧ್ಯೆ ಕೇಳಬೇಕು ಅನ್ನುವ ಪದ್ಧತಿಯನ್ನು ಬೆಳೆಸಿದವರು. ಓದುವಾಗ ಇದರಲ್ಲೇನು ದೊಡ್ಡದು ಅನ್ನಿಸಿತ್ತು. ರಸ್ತೆ ಬದಿ ಕೂತಾಗ ಗೊತ್ತಾಯಿತು, ಸುಮ್ಮನಿರೋದೇ ಇದರಲ್ಲಿ ಕಷ್ಟದ ಭಾಗ. ಒಬ್ಬ ಅಕ್ಕ ಒಂದು ಕಾಳು ಬಾಯಿಗೆ ಹಾಕಿ ಕಟಕ್ ಅಂತ ಕಡಿದಳು. ಒಂದು ಹಿಡಿ ತೆಗೆದು ರಾಶಿ ಮೇಲೆ ಬಿಟ್ಟು ಸದ್ದು ಕೇಳಿದಳು. ಆಮೇಲೆ ಅಂಗಾಲಿನಿಂದ ಅಡಿಯ ಕಾಳನ್ನು ಮುಟ್ಟಿ ನೋಡಿದಳು. ಇಷ್ಟೂ ಅರ್ಧ ನಿಮಿಷದೊಳಗೆ. ಯಾಕೆ ಹಾಗೆ ಮಾಡಿದಿರಿ ಅಂದರೆ "ಏನ್ ಮಾಡ್ದೆ?" ಅಂತ ನನ್ನನ್ನೇ ಕೇಳಿದಳು. ಅವಳಿಗೆ ಅದು ಮಾಡಿದ್ದು ಅಂತಲೇ ಅನ್ನಿಸಿರಲಿಲ್ಲ. ಪ್ರಶ್ನೆಪಟ್ಟಿಯಲ್ಲಿ ಇದು ಹೇಗೆ ಸಿಗಬೇಕು?

ಒಣಗಿದೆಯಾ ಅಂತ ಕೇಳಿದೆ. "ಇನ್ನೊಂದು ಬಿಸ್ಲು ಬೇಕು ತಂಗಿ. ಅಡೀಗಿಂದು ಎರಡು ಬೇಡ್ತೈತಿ." ನನ್ನ ಬ್ಯಾಗಲ್ಲಿ ಅಂಗಡಿಯಿಂದ ತಂದ ಒಳ್ಳೆ ಮೀಟರ್ ಇತ್ತು. ಅಳೆದು ನೋಡಿದೆ. ಅವಳು ತೋರಿಸಿದ ಮೇಲಿನ ಕಾಳಿಗೂ ಅಡಿಯ ಕಾಳಿಗೂ ನಂಬರಿನಲ್ಲಿ ಚೆನ್ನಾಗಿಯೇ ವ್ಯತ್ಯಾಸ ಬಂತು, ಅವಳು ಹೇಳಿದ ಕ್ರಮದಲ್ಲೇ. ಮೇಲ್ಪದರದಲ್ಲಿ ಮಾತ್ರ ಮೀಟರ್ ಇಟ್ಟಿದ್ದರೆ ಮೀಟರೇ ಸುಳ್ಳು ಹೇಳಿರೋದು. ಇದನ್ನು ಆಫೀಸಿಗೆ ಹೇಳಿದಾಗ ಒಬ್ಬರು ಭಾರೀ ಖುಷಿಯಾಗಿ, ಪರದೆಯಲ್ಲಿ "ಇನ್ನೊಂದು ಬಿಸಿಲು", "ಇನ್ನೆರಡು ಬಿಸಿಲು" ಅಂತಲೇ ತೋರಿಸೋಣ ಅಂದರು. ನಾನು ಒಪ್ಪಲಿಲ್ಲ. ಅವಳ ಒಂದು ಬಿಸಿಲಿನಲ್ಲಿ ಆವತ್ತಿನ ಗಾಳಿ, ಕಾಳು ಹರಡಿದ ದಪ್ಪ, ನಾಳೆ ಮೋಡ ಬರುತ್ತಾ ಅನ್ನುವ ಅಂದಾಜು, ಎಲ್ಲಾ ಸೇರಿರುತ್ತೆ. ಡಬ್ಬಿಗೆ ಅದು ಯಾವುದೂ ಗೊತ್ತಿಲ್ಲ. ಜನರ ಮಾತನ್ನು ಎತ್ತಿ ಪರದೆ ಮೇಲೆ ಅಂಟಿಸಿದರೆ ನೋಡೋಕೆ ಚೆಂದ. ಆದರೆ ಆ ಮಾತಿನ ಜವಾಬ್ದಾರಿ ಹೊರೋರು ಯಾರು?

ಹಾಗೆ ನೋಡಿದರೆ ಒಣಗಿದೆಯೋ ಇಲ್ಲವೋ ತಿಳಿಯೋಕೆ ಮೀಟರೇ ಬೇಕು ಅಂತಿಲ್ಲ. ಒಣಗಿದ ಗಾಜಿನ ಸೀಸೆಗೆ ಕಾಳು, ಒಣ ಉಪ್ಪು ಹಾಕಿ ಅಲ್ಲಾಡಿಸಿದರೆ, ತೇವ 15% ದಾಟಿದ್ದಾಗ ಉಪ್ಪು ಗಾಜಿಗೆ ಅಂಟುತ್ತೆ. ಖರ್ಚಿಲ್ಲದ ಪರೀಕ್ಷೆ. ಹಲ್ಲಂತೂ ಎಲ್ಲರಿಗೂ ಇದೆ. ಮನೆಯವರಿಗೆ ತಮ್ಮ ಕಾಳು ಹೇಗಿದೆ ಅಂತ ಚೆನ್ನಾಗಿಯೇ ಗೊತ್ತು. ಕೆಲವು ಸಲ ಹಸಿ ಅಂತ ಗೊತ್ತಿದ್ದೂ ತುಂಬಿಸಿ ಕಳಿಸ್ತಾರೆ. ಯಾಕಂದರೆ ಟ್ರ್ಯಾಕ್ಟರ್ ಸಿಗೋದು ಇವತ್ತೇ, ಅಥವಾ ರಸ್ತೆಯ ಆ ಜಾಗಕ್ಕೆ ಪಕ್ಕದವರು ಕಾಯ್ತಿದ್ದಾರೆ, ಅಥವಾ ಮೋಡ. ಹಾಗಾದರೆ ಈ ಮೀಟರ್ ಯಾರಿಗೆ, ಯಾವಾಗ ಬೇಕು? ಈ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ರಸ್ತೆ ಬಿಟ್ಟು ಮಾರುಕಟ್ಟೆಗೆ ಹೋದೆ.

ಯಾವ ಮಾರುಕಟ್ಟೆ, ಯಾವ ಅಂಗಡಿ ಅಂತ ಬರೆಯಲ್ಲ. ಬರೆಯಲ್ಲ ಅಂತ ಮಾತು ಕೊಟ್ಟ ಮೇಲೇ ಒಳಗೆ ಕೂರೋಕೆ ಬಿಟ್ಟಿದ್ದು. ದಲಾಲರು ಹಿರಿಯರು, ಮರ್ಯಾದಸ್ಥರು. "ಏನಮ್ಮಾ, ನಮ್ಮ ಮೇಲೆ ಪೇಪರಿಗೆ ಬರೀತೀಯೇನು?" ಅಂತ ನಗುತ್ತಲೇ ಕೇಳಿದರು. ಯಾರ ಹೆಸರೂ ಬರಲ್ಲ, ಬೇಡ ಅಂದಾಗ ಎದ್ದು ಹೋಗ್ತೀನಿ ಅಂತ ಹೇಳಿ ಒಂದು ಮೂಲೆಯ ಚೀಲದ ಮೇಲೆ ಕೂತೆ. ಮೊದಲ ದಿನ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಆಮೇಲಾಮೇಲೆ ಹಮಾಲರು "ಅಕ್ಕಾ, ಕಾಲು ಎತ್ರಿ" ಅಂತ ಬೈಯುವ ಮಟ್ಟಕ್ಕೆ ಬಂತು. ಅಲ್ಲಿಂದ ನನ್ನ ಕೆಲಸ ಸಲೀಸಾಯಿತು.

ಅಲ್ಲಿ ಕಂಡಿದ್ದು ಇಷ್ಟು. ಮೀಟರ್ ಗುಮಾಸ್ತರ ಮೇಜಿನ ಮೇಲೆ, ಅವರ ಕಡೆ ಮುಖ ಮಾಡಿ ಕೂತಿದೆ. ರೈತರು ಮೇಜಿನ ಈಚೆ ನಿಂತಿರುತ್ತಾರೆ. ಚೀಲಕ್ಕೆ ಚುಚ್ಚುವ ಕೊಳವೆಯಿಂದ ಒಂದಿಷ್ಟು ಕಾಳು ಬರುತ್ತೆ, ಗುಮಾಸ್ತರು ಮೀಟರಿಗೆ ಸುರಿಯುತ್ತಾರೆ, ಒಂದು ನಂಬರ್ ಜೋರಾಗಿ ಹೇಳ್ತಾರೆ, ಬರ್ಕೋತಾರೆ. ರೈತರಿಗೆ ಕಾಣೋದು ಮೀಟರಿನ ಬೆನ್ನು. ಇದರಲ್ಲಿ ಮೋಸ ಇದೆ ಅಂತ ನಾನು ಹೇಳ್ತಿಲ್ಲ. ಮೇಜು ಗುಮಾಸ್ತರದ್ದು, ಓದಬೇಕಾದವರು ಅವರು, ಆದ್ದರಿಂದ ಮೀಟರ್ ಹಾಗೆ ಕೂತಿದೆ. ಆದರೆ ಈಚೆ ನಿಂತವರ ಮನಸ್ಸಿನಲ್ಲಿ ಅನುಮಾನ ಹುಟ್ಟೋಕೆ ಅಷ್ಟು ಸಾಕು. ದಲಾಲರ ಕಷ್ಟವನ್ನೂ ಅವರ ಬಾಯಲ್ಲೇ ಕೇಳಿದೆ. "ಮೇಲಿನ ಚೀಲ ಒಣ ಇರ್ತಾವೆ, ಅಡೀ ಚೀಲ ಹಸಿ. ನಾನು ಹದಿನಾಲ್ಕು ಅಂತ ಬರೆದು ಕಳಿಸಿದ್ರೆ ಫ್ಯಾಕ್ಟರಿಯವನು ಹದಿನಾರು ಅಂತ ಲೋಡ್ ವಾಪಸ್ ಮಾಡ್ತಾನೆ. ಆ ಬಾಡಿಗೆ ಯಾರು ಕೊಡ್ತಾರೆ?" ರಸ್ತೆ ಬದಿ ಅಕ್ಕ ಹೇಳಿದ ಮಾತೇ ಇದು, ಬೇರೆ ಬಾಯಲ್ಲಿ.

ಈಗ ನಮ್ಮ ಜೇಬಿನ ಮೀಟರನ್ನು ಇಲ್ಲಿಗೆ ತರಬೇಕಿತ್ತು. ನಿಜವಾದದ್ದು ಇನ್ನೂ ಗಟ್ಟಿಯಾಗಿ ತಯಾರಾಗಿರಲಿಲ್ಲ, ಅದಕ್ಕೆ ಕಾಯುವ ಅಗತ್ಯವೂ ಇರಲಿಲ್ಲ. ಪಾಮ್ ಪೈಲಟ್ ಅನ್ನುವ ಅಂಗೈ ಕಂಪ್ಯೂಟರ್ ಮಾಡಿದ ಜೆಫ್ ಹಾಕಿನ್ಸ್, ಯಂತ್ರ ಬರೋಕೆ ಮುಂಚೆ ಅದೇ ಅಳತೆಯ ಮರದ ತುಂಡನ್ನು ಜೇಬಲ್ಲಿಟ್ಟುಕೊಂಡು ಓಡಾಡಿ, ಮೀಟಿಂಗಿನಲ್ಲಿ ಅದನ್ನು ತೆಗೆದು ಬರೆಯುವ ಹಾಗೆ ಮಾಡಿ ನೋಡುತ್ತಿದ್ದರಂತೆ. ನಾನು ರಟ್ಟಿನಲ್ಲಿ ಅದೇ ಗಾತ್ರದ ಡಬ್ಬಿ ಮಾಡಿ, ಒಳಗೆ ಭಾರಕ್ಕೆ ಒಂದಿಷ್ಟು ಮರಳು ತುಂಬಿ, ಪರದೆ ಇರುವ ಕಡೆ ಚೀಟಿ ಸಿಕ್ಕಿಸುವ ಸೀಳು ಇಟ್ಟೆ. ಊರಲ್ಲಿ ಹೊರಡುವ ಮುಂಚೆ ನನ್ನ ಒಳ್ಳೆ ಮೀಟರಿನಲ್ಲಿ ಅಳೆದು, ಬಂದ ನಂಬರನ್ನು ಚೀಟಿಯಲ್ಲಿ ಬರೆದು ಸಿಕ್ಕಿಸಿ, ಮಾಲು ತರುವವರ ಕೈಗೆ ಕೊಟ್ಟೆ. ಇದು ಆಟದ ಮೀಟರ್ ಅಂತ ಅವರಿಗೆ ಗೊತ್ತು, ನಂಬರ್ ಮಾತ್ರ ನಿಜ ಅನ್ನೋದೂ ಗೊತ್ತು. ಮಾರುಕಟ್ಟೆಯಲ್ಲಿ ನಿಮಗೆ ಬೇಕನ್ನಿಸಿದರೆ ತೆಗೆದು ತೋರಿಸಿ, ಇಲ್ಲದಿದ್ದರೆ ಬಿಡಿ ಅಂದೆ.

ಒಬ್ಬ ಹಿರಿಯರು ಅದನ್ನು ಅಂಗಿ ಜೇಬಲ್ಲಿ ಇಟ್ಟುಕೊಂಡು ಬಂದರು. ಚೀಟಿಯಲ್ಲಿ 14.5 ಇತ್ತು. ಗುಮಾಸ್ತರು ಹದಿನಾರು ಅಂದರು. ಹಿರಿಯರ ಕೈ ಜೇಬಿನವರೆಗೆ ಹೋಯಿತು, ಜೇಬನ್ನು ಒಂದು ಸಲ ಮುಟ್ಟಿತು, ಕೆಳಗೆ ಬಂತು. "ಆತು ಬರ್ಕಳ್ರಿ" ಅಂದರು. ಹೊರಗೆ ಬಂದ ಮೇಲೆ ಯಾಕಪ್ಪಾಜಿ ತೆಗೀಲಿಲ್ಲ ಅಂದೆ. "ಅವರ ಮುಂದೆ ಹೆಂಗ್ ತೆಗೀಲವ್ವ? ಬೀಜ, ಗೊಬ್ಬರಕ್ಕೆ ದುಡ್ಡು ಕೊಟ್ಟೋರು ಅವರು. ನಾಳೆ ಮಗಳ ಮದ್ವಿಗೂ ಅಲ್ಲೇ ಹೋಗ್ಬೇಕು. ಇದನ್ನ ತೆಗುದ್ರೆ ನೀವು ಸುಳ್ಳು ಹೇಳ್ತೀರಿ ಅಂದಂಗಾತು." ಇನ್ನೂ ಕೆಲವರ ಜೊತೆ ಮಾಡಿ ನೋಡಿದೆ. ಒಬ್ಬ ಹುಡುಗ ತೆಗೆದ. ಅವನಿಗೆ ಆ ಅಂಗಡಿಯಲ್ಲಿ ಸಾಲ ಇರಲಿಲ್ಲ.

ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಸಿಕ್ಕ ಮಾಲು ಇದೇ. ಮೀಟರ್ ಅಗ್ಗ ಇದ್ದರೂ, ಪರದೆ ಚೆನ್ನಾಗಿದ್ದರೂ, ಆ್ಯಪ್ ಅಚ್ಚ ಕನ್ನಡದಲ್ಲಿದ್ದರೂ ಅದು ಜೇಬಿನಿಂದ ಹೊರಗೆ ಬರಲ್ಲ. ಇದೇ ಹಿರಿಯರು ಮನೆಯಲ್ಲಿ ಕೂತಾಗ "ಚೆನ್ನಾಗಿರ್ತೈತಿ, ತಗೊಳ್ತೀವಿ" ಅಂದಿದ್ದರು. ಅದೂ ಸುಳ್ಳಲ್ಲ. ಮನೆಯಲ್ಲಿ ಕೂತಾಗ ಅವರ ಎದುರು ನಾನಿದ್ದೆ, ಅಂಗಡಿಯಲ್ಲಿ ದಲಾಲರು ಇದ್ದರು.

ಬೆಂಗಳೂರಿಗೆ ಬಂದು ಗೋಡೆ ತುಂಬ ಚೀಟಿ ಅಂಟಿಸಿದೆವು. ಜಪಾನಿನ ಜಿರೋ ಕವಾಕಿಟಾ ಶುರುಮಾಡಿದ ಪದ್ಧತಿ ಇದು. ಮೊದಲೇ ತಲೆಬರಹ ಇಟ್ಟುಕೊಳ್ಳದೆ, ಹೊಂದುವ ಚೀಟಿಗಳನ್ನು ಹತ್ತಿರ ಹತ್ತಿರ ಇಡುತ್ತಾ ಹೋಗೋದು. ಗುಂಪುಗಳು ತಾವಾಗಿ ಕಾಣುತ್ತವೆ. ನಮ್ಮ ಗೋಡೆಯಲ್ಲಿ ದೊಡ್ಡ ಗುಂಪಾಗಿದ್ದು ಮೇಜಿನ ಸುತ್ತ ನಡೆದ ಸಂಗತಿಗಳು. ಆ್ಯಪ್ ಬಗ್ಗೆ ಇದ್ದ ಚೀಟಿಗಳು ಒಂದು ಮೂಲೆಯಲ್ಲಿ ನಾಲ್ಕೈದು.

ಜಗಳ ಆಗಿದ್ದು ಇಲ್ಲಿ. "ಎಷ್ಟು ಜನ ಹಿಂಗೆ ಮಾಡಿದ್ರು? ಇಷ್ಟು ಕಡಿಮೆ ಜನರನ್ನ ನೋಡಿ ಇಡೀ ಪ್ಲಾನ್ ಬದಲಾಯಿಸೋದಾ?" ನ್ಯಾಯವಾದ ಪ್ರಶ್ನೆಯೇ. ಇನ್ನೊಬ್ಬರು ನನ್ನ ಪರವಾಗಿ ಮಾತಾಡಲು ಹೋಗಿ, ಐದು ಜನ ಸಾಕು ಅಂತ ಬಳಕೆ ಪರೀಕ್ಷೆಗಳ ತಜ್ಞ ಜಾಕೋಬ್ ನೀಲ್ಸನ್ನೇ ಹೇಳಿದ್ದಾರೆ ಅಂದರು. ಈ ಮಾತನ್ನು ನಮ್ಮ ಕಸುಬಿನಲ್ಲಿ ಎಲ್ಲಾ ಕಡೆ ಎಳೆದು ತರುತ್ತಾರೆ, ನನಗೆ ರೇಗುತ್ತೆ. 2000ನೇ ಇಸವಿಯಲ್ಲಿ ನೀಲ್ಸನ್ ಬರೆದಿದ್ದು ಬಳಸುವಾಗಿನ ತೊಡಕು ಹುಡುಕುವ ಪರೀಕ್ಷೆಯ ಬಗ್ಗೆ. ಒಬ್ಬರು ಬಳಸಿದಾಗ ಸರಾಸರಿ 31% ತೊಡಕು ಕಂಡರೆ, ಐದು ಜನ ಬಳಸುವ ಹೊತ್ತಿಗೆ 85% ಕಾಣುತ್ತೆ ಅನ್ನೋದು ಆ ಲೆಕ್ಕ. ಎಷ್ಟು ಜನ ಕೊಳ್ಳುತ್ತಾರೆ ಅಂತ ಹೇಳೋಕೆ ಆ ಐದು ಬರಲ್ಲ. ನಾನು ಹೇಳಿದ್ದು ಬೇರೆ. ಎಷ್ಟು ಜನ ಜೇಬಿನಿಂದ ತೆಗೆಯಲ್ಲ ಅಂತ ನಾನು ಎಣಿಸೋಕೆ ಹೋಗಿಲ್ಲ, ಯಾಕೆ ತೆಗೆಯಲ್ಲ ಅಂತ ನೋಡಿದ್ದೇನೆ. ಆ ಕಾರಣ ಸಾಲ ಇರುವ ಕಡೆಯೆಲ್ಲ ಇರುತ್ತೆ. ಬೇಕಾದರೆ ಎಣಿಸೋಣ, ಆದರೆ ಮೊದಲು ಏನನ್ನು ಎಣಿಸಬೇಕು ಅಂತ ಈಗ ಗೊತ್ತಾಯಿತಲ್ಲ. ಎರಡು ಮೂರು ಮೀಟಿಂಗ್ ಇದರಲ್ಲೇ ಹೋದವು. ಕೊನೆಗೆ ಒಪ್ಪಿಸಿದ್ದು ನನ್ನ ವಾದ ಅಲ್ಲ, ಹಿರಿಯರ ಮಾತನ್ನು ಬರೆದಿದ್ದ ಚೀಟಿ. ಅದನ್ನು ಓದಿ ಎಲ್ಲರೂ ಸುಮ್ಮನಾದರು.

ಜೇಬಿನ ಮೀಟರ್ ಬಿಟ್ಟೆವು. ಬದಲಿಗೆ ಮೇಜಿನ ಮೇಲೆ ಕೂರುವಂಥದ್ದು, ಎರಡೂ ಕಡೆ ಪರದೆ ಇರುವಂಥದ್ದು. ಕಿರಾಣಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಗೆ ಹಿಂದೆಯೂ ಒಂದು ಪರದೆ ಇರುತ್ತಲ್ಲ, ಹಾಗೆ. ಆ ತಕ್ಕಡಿ ಮುಂದೆ ನಿಂತು ಯಾರೂ ಅಂಗಡಿಯವರನ್ನು ಅನುಮಾನಿಸುತ್ತಿದ್ದೇನೆ ಅಂದುಕೊಳ್ಳಲ್ಲ, ಸುಮ್ನೆ ನೋಡ್ತಾರೆ. ಕೊಳ್ಳುವವರು ಅಂಗಡಿಯವರು ಅಥವಾ ರೈತ ಉತ್ಪಾದಕರ ಕಂಪನಿಗಳು, ನೋಡುವವರು ಇಬ್ಬರೂ. ಮೂರು ಚೀಲದಿಂದ ತೆಗೆದ ಕಾಳನ್ನು ಅಳೆದರೆ ಮಾತ್ರ ಕೊನೆಯ ನಂಬರ್ ಬರುತ್ತೆ. ಇದು ರಸ್ತೆ ಬದಿ ಅಕ್ಕನಿಂದಲೂ ದಲಾಲರಿಂದಲೂ ಬಂದಿದ್ದು.

ಇದನ್ನೂ ಮೊದಲು ರಟ್ಟಿನಲ್ಲೇ ಮಾಡಿ ನೋಡಿದೆವು. ಪರದೆ ಹಿಂದೆ ನಮ್ಮ ಹುಡುಗನೊಬ್ಬ ಕೂತು ನಂಬರ್ ಬದಲಾಯಿಸುತ್ತಿದ್ದ. ಬಳಸುವಾಗ ಮನಸ್ಸಿಗೆ ಬಂದಿದ್ದನ್ನು ಬಾಯಿಬಿಟ್ಟು ಹೇಳುತ್ತಾ ಹೋಗಿ ಅಂತ ಕೇಳೋದು ನಮ್ಮಲ್ಲಿ ಹಳೇ ರೂಢಿ, 1982ರಲ್ಲಿ ಐಬಿಎಂನ ಕ್ಲೇಟನ್ ಲೂಯಿಸ್ ಬರೆದಾಗಿನಿಂದ ಬಂದಿದ್ದು. ಗುಮಾಸ್ತರಿಗೆ ಅದು ಒಗ್ಗಲೇ ಇಲ್ಲ. ಕೆಲಸ ಮಾಡ್ತಾ ಮಾಡ್ತಾ ತಮ್ಮಷ್ಟಕ್ಕೆ ಮಾತಾಡೋದು ಅವರಿಗೆ ನಾಚಿಕೆ. ಪಕ್ಕದಲ್ಲಿ ಹೊಸ ಹುಡುಗನನ್ನು ಕೂರಿಸಿ "ಇವನಿಗೆ ಕಲಿಸಿಕೊಡಿ" ಅಂದೆ. ಆಗ ನಿಲ್ಲದೆ ಮಾತಾಡಿದರು.

ಬಹಳ ಚರ್ಚೆ ಆಗಿದ್ದು ಒಂದು ಚುಕ್ಕಿಯ ಮೇಲೆ. ಮೀಟರಿನ ನಿಖರತೆ ಅರ್ಧ ಪಾಯಿಂಟ್ ಆಚೀಚೆ. ಹಾಗಿರುವಾಗ 14.3 ಅಂತ ತೋರಿಸೋದು ಸುಳ್ಳು, ಬರೀ 14 ತೋರಿಸೋಣ ಅಂತ ನಮ್ಮ ಇಂಜಿನಿಯರ್. ಲೆಕ್ಕದಲ್ಲಿ ಅವರ ಮಾತು ಸರಿ. ಆದರೆ ರೈತರು ಚುಕ್ಕಿ ತೆಗೆಯೋಕೆ ಬಿಲ್‌ಕುಲ್ ಒಪ್ಪಲಿಲ್ಲ. "ಹದಿನಾಲ್ಕು ಚಿಲ್ಲರೆ ಅಂದ್ರೆ ಹದಿನೈದು ಅಂತ ಬರೀತಾರೆ. ಚಿಲ್ಲರೇಲೇ ನಮ್ ದುಡ್ಡು ಹೋಗೋದು." ಗುಮಾಸ್ತರನ್ನು ಕೇಳಿದರೆ, ಮೇಲಕ್ಕೆ ಹಿಡಿಯದಿದ್ದರೆ ನಮಗೆ ನಷ್ಟ ಅಂತಾರೆ. ಅಂದರೆ ಯಂತ್ರ ಚುಕ್ಕಿ ಬಿಟ್ಟರೆ ಆ ಚಿಲ್ಲರೆ ಯಾರ ಪಾಲಿಗೆ ಅಂತ ಯಂತ್ರವೇ ತೀರ್ಪು ಕೊಟ್ಟಂತೆ. ಕೊನೆಗೆ ಅರ್ಧರ್ಧ ಪಾಯಿಂಟಿನಲ್ಲಿ ತೋರಿಸೋದು ಅಂತಾಯಿತು. 14, 14.5, 15. ಮೂರು ಸಲದ ನಂಬರ್ ಕೆಳಗೆ ಸಣ್ಣದಾಗಿ, ಸರಾಸರಿ ದೊಡ್ಡದಾಗಿ. ಯಾರಿಗೂ ಪೂರ್ತಿ ಖುಷಿ ಇಲ್ಲ, ಆದರೆ ಯಾರೂ ಎದ್ದು ಹೋಗಲಿಲ್ಲ.

ಉಳಿದವು ಸಣ್ಣ ಸಣ್ಣವು. ಬಿಸಿಲಿಂದ ನೇರ ತಂದ ಕಾಳು ಬಿಸಿ ಇರುತ್ತೆ, ಆದ್ದರಿಂದ ಶಾಖ ಅಳೆದು ಸರಿಪಡಿಸುವ ಭಾಗ ಗಟ್ಟಿ ಮಾಡಬೇಕಾಯಿತು. ಕೆಂಪಗೆ ಹೊಳೆಯುವ ಅಂಕಿ ಹೊರಗಿನ ಬೆಳಕಲ್ಲಿ ಕಾಣಲ್ಲ, ಕ್ಯಾಲ್ಕುಲೇಟರಿನಂಥ ಪರದೆ ಕಾಣುತ್ತೆ. ಕಾಳಿನ ಧೂಳು ಬಟನ್ ಸಂದಿಗೆ ಹೋಗಿ ಕೂರುತ್ತೆ. ಅಳೆದ ಕಾಳು ಎಲ್ಲಿಗೆ ಹೋಗಬೇಕು ಅನ್ನೋದನ್ನು ನಾವು ಯಾರೂ ಯೋಚಿಸಿರಲಿಲ್ಲ. ಅದು ಮೇಜಿನ ಕೆಳಗಿನ ಡಬ್ಬಕ್ಕೆ ಬಿದ್ದಾಗ ಒಬ್ಬ ಅಜ್ಜಿ "ಅದು ನಮ್ದಲ್ಲೇನು?" ಅಂದರು. ಈಗ ತಟ್ಟೆ ರೈತರ ಕಡೆಗೆ ಜಾರಿ ಬರುತ್ತೆ, ಅವರೇ ಎತ್ತಿ ಚೀಲಕ್ಕೆ ಸುರಿದುಕೊಳ್ಳುತ್ತಾರೆ.

ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಸಮಾಧಾನ ಇಲ್ಲ. ಮೀಟರ್ ಮೇಜಿಗೆ ಹೋದ ಮೇಲೆ ಕಾಳು ಒಣಗಿಸುವ ಹೆಂಗಸರು ಇದರಿಂದ ಆಚೆ ಉಳಿದರು. ಮಾರುಕಟ್ಟೆಗೆ ಅವರಲ್ಲಿ ಬರೋರು ಕಡಿಮೆ, ಅಲ್ಲಿ ಏನಾಯಿತು ಅಂತ ತಿಳಿಯೋದು ಗಂಡಸರ ಬಾಯಿಂದ. ಮೂರು ನಂಬರ್ ಇರುವ ಒಂದು ಚೀಟಿ ಪ್ರಿಂಟ್ ಆಗಿ ಮನೆಗೆ ಹೋದರೆ ಅಡಿಯ ಕಾಳು ಎಷ್ಟು ಹಸಿ ಇತ್ತು ಅಂತ ಅವರಿಗೂ ಕಾಣುತ್ತೆ ಅಂತ ಹೇಳ್ತಾ ಬಂದಿದ್ದೀನಿ. ಪ್ರಿಂಟರ್ ಸೇರಿಸಿದರೆ ಬೆಲೆ ಏರುತ್ತೆ ಅನ್ನೋದು ಆಫೀಸಿನ ಉತ್ತರ. ಸದ್ಯಕ್ಕೆ ಅಲ್ಲೇ ನಿಂತಿದೆ.

ಈ ಸುಗ್ಗಿಗೆ ಕೆಲವು ಮೀಟರ್‌ಗಳನ್ನು ಪರೀಕ್ಷೆಗೆ ಕೊಟ್ಟಿದ್ದೇವೆ, ಜಗಳೂರಿನ ಕಡೆಗೂ ಒಂದು ಹೋಗಿದೆ. ಮೊನ್ನೆ ಒಬ್ಬ ಗುಮಾಸ್ತರು ಫೋನ್ ಮಾಡಿದ್ದರು. ರೈತರ ಕಡೆಯ ಪರದೆಗೆ ಚೀಲ ಅಡ್ಡ ಬರುತ್ತೆ ಮೇಡಂ, ಮೀಟರನ್ನು ಇನ್ನೊಂದು ಗೇಣು ಎತ್ತರ ಮಾಡಿ ಅಂದರು. ಆಗಲಿ, ಮಾಡೋಣ ಅಂದೆ. ಆದರೆ ಎತ್ತರ ಮಾಡೋಕೆ ಮುಂಚೆ ಆ ಚೀಲ ತಾನಾಗಿ ಅಲ್ಲಿಗೆ ಬರುತ್ತಾ, ಯಾರಾದರೂ ತಂದು ಇಡುತ್ತಾರಾ ಅಂತ ನೋಡಬೇಕು. ಮುಂದಿನ ವಾರ ಹೋಗ್ತಿದ್ದೀನಿ.